ಒಂದು ವರ್ಷ ಹಾಳಾಯಿತೆನ್ನುವ ಬಂಧುಗಳಿಗೆ



ನಮ್ಮ ಬಳಗದ ಹುಡುಗಿಯೊಬ್ಬಳು ದ್ವಿತೀಯ ಪಿ.ಯು.ಸಿ.ಯನ್ನು ವಿಜ್ಞಾನ ವಿಭಾಗದಲ್ಲಿ ಪ್ರಥಮ ದರ್ಜೆಯಲ್ಲಿ ಮುಗಿಸಿದ್ದಾಳೆ. ಈ ವರ್ಷ ಯಾವ ಕಾಲೇಜಿಗೂ ಸೇರದೆ ಮನೆಯಲ್ಲಿದ್ದುಕೊಂಡು, ಮುಂದಿನ ವರ್ಷ ದೃಶ್ಯಕಲಾ ಪದವಿಯ, ಅಂದರೆ ಬಿ.ವಿ.ಎ.ಯ, ಪ್ರವೇಶಕ್ಕೆ ಸಿದ್ಧಳಾಗುವುದೆಂದು ನಿರ್ಧರಿಸಿದ್ದಾಳೆ. ಈ ವರ್ಷವೂ ಒಂದು ಕಲಾಶಾಲೆಯ ಪ್ರವೇಶ ಪರೀಕ್ಷೆಗೆ ಹೋಗಿದ್ದಳು. ಆಯ್ಕೆ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಹುಡುಗಿ ಯಾರೆಂದು ನಾನಿಲ್ಲಿ ಬರೆಯುವುದಿಲ್ಲ. ಬಂಧುಗಳಿಗೆ ಗೊತ್ತು, ಉಳಿದವರಿಗೆ ಬೇಕಿಲ್ಲ. ಆದರೆ ಕಳೆದೊಂದು ತಿಂಗಳಿನಿಂದ ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, ಫೋನಿನಲ್ಲಿ ನನ್ನ ಕಿವಿಗೆ ಬೀಳುತ್ತಿರುವ ಮಾತು ಒಂದೇ: “ಪಾಪ, ಒಂದು ವರ್ಷ ಹಾಳು ಮಾಡಿಕೊಂಡಳಲ್ಲ!” ಹೀಗೆ ಹೇಳಿದವರೆಲ್ಲರೂ ಅವಳ ಹಿತವನ್ನೇ ಬಯಸುವವರು. ಹೊರಗಿನವರ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮನೆಯವರ ಮಾತಾದ್ದರಿಂದ ಉತ್ತರ ಕೊಡಲೇಬೇಕಾಗಿದೆ; ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಿ.

ಮೊದಲು ಈ ‘ಹಾಳು’ ಎಂಬ ಪದವನ್ನೇ ಎತ್ತಿಕೊಳ್ಳೋಣ. ನಾನು ಬಲ್ಲಂತೆ ಕಳೆದ ಐದಾರು ವರ್ಷಗಳಲ್ಲಿ ನಮ್ಮದೇ ಬಳಗದ ನಾಲ್ಕು ಮಕ್ಕಳು ಪಿ.ಯು.ಸಿ.ಯಾದ ಮೇಲೆ ನೀಟ್ ಪರೀಕ್ಷೆಗಾಗಿ ಒಂದೊಂದು ವರ್ಷವನ್ನು ಮುಡಿಪಾಗಿಟ್ಟರು. ಒಬ್ಬನಂತೂ ಎರಡು ವರ್ಷ. ಅದಕ್ಕೆ ‘ಲಾಂಗ್ ಟರ್ಮ್’ ಎಂಬ ಗೌರವದ ಹೆಸರಿದೆ; ಲಕ್ಷಗಟ್ಟಲೆ ಶುಲ್ಕವಿದೆ; ಹಾಸ್ಟೆಲು, ಸಮವಸ್ತ್ರ, ವಾರದ ಪರೀಕ್ಷೆಗಳಿವೆ. ಆ ಮಕ್ಕಳು ಮನೆಗೆ ಬಂದಿದ್ದಾಗ ನಾವೆಲ್ಲ ಟಿ.ವಿ.ಯ ಸದ್ದು ತಗ್ಗಿಸಿ, ಪಿಸುಮಾತಿನಲ್ಲಿ ಮಾತಾಡಿ, ತುದಿಗಾಲಿನಲ್ಲಿ ಓಡಾಡಿದೆವು. ಒಬ್ಬರಾದರೂ ‘ವರ್ಷ ಹಾಳು’ ಎಂದದ್ದು ನನಗೆ ನೆನಪಿಲ್ಲ. 2024ರಲ್ಲಿ ಆ ಪರೀಕ್ಷೆಯನ್ನು ಬರೆದ ಮಕ್ಕಳು ಸುಮಾರು 23 ಲಕ್ಷ. ಇಡೀ ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಅಂದರೆ ಹೆಚ್ಚು ಕಡಿಮೆ ಇಪ್ಪತ್ತರಲ್ಲಿ ಹತ್ತೊಂಬತ್ತು ಮಕ್ಕಳಿಗೆ ಸೀಟಿಲ್ಲವೆಂಬುದು ಪರೀಕ್ಷೆಗೆ ಕೂರುವ ಮೊದಲೇ ಗೊತ್ತಿರುವ ಸಂಗತಿ. ಅದೇ ವರ್ಷ ಪ್ರಶ್ನೆಪತ್ರಿಕೆ ಸೋರಿಕೆಯ ಗದ್ದಲ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಇಷ್ಟಾದರೂ ಆ ವರ್ಷ ‘ಸಾಧನೆಯ ವರ್ಷ’. ಇವಳದು ಮಾತ್ರ ಹಾಳು! ನಾಲ್ವರಲ್ಲಿ ಒಬ್ಬಳು ಈಗ ವೈದ್ಯಕೀಯ ಓದುತ್ತಿದ್ದಾಳೆ, ಸಂತೋಷ. ಉಳಿದ ಮೂವರೂ ಒಂದೊಂದು ದಾರಿ ಹಿಡಿದು ಚೆನ್ನಾಗಿದ್ದಾರೆ, ಅದೂ ಸಂತೋಷ. ಆ ಮಕ್ಕಳ ಶ್ರಮವನ್ನು ನಾನು ಹೀಗಳೆಯುತ್ತಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಅದೇ ಮುನ್ನೂರ ಅರವತ್ತೈದು ದಿನಗಳು ಜೀವಶಾಸ್ತ್ರದ ಪುಸ್ತಕದ ಮುಂದೆ ಕುಳಿತಾಗ ಬಂಡವಾಳ, ಚಿತ್ರದ ಹಲಗೆಯ ಮುಂದೆ ಕುಳಿತಾಗ ನಷ್ಟ ಎಂಬ ಲೆಕ್ಕವನ್ನು ನಮಗೆ ಕಲಿಸಿದವರು ಯಾರು?

“ಅವಳಿಗೆ ಆಗಲೇ ಅಷ್ಟು ಚೆನ್ನಾಗಿ ಬರೆಯೋಕೆ ಬರುತ್ತಲ್ಲ, ಮತ್ತೆ ವರ್ಷ ಯಾಕೆ?” ಎಂದು ಭಾವನವರೊಬ್ಬರು ಕೇಳಿದರು. ಇದು ಹೊಗಳಿಕೆಯ ವೇಷದಲ್ಲಿ ಬಂದ ಆಕ್ಷೇಪ. ಆದ್ದರಿಂದ ಇದಕ್ಕೆ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡಿನ ಎಷ್ಟೋ ಮಕ್ಕಳಂತೆ ಇವಳೂ ಪೆನ್ಸಿಲಿನಲ್ಲಿ ಅವರ ಚಿತ್ರವೊಂದನ್ನು ಬರೆದಳು. ಮೊಬೈಲಿನ ಫೋಟೋವನ್ನು ಮುದ್ರಿಸಿಕೊಂಡು, ಅದರ ಮೇಲೆ ಚೌಕುಳಿ ಗೆರೆಗಳನ್ನೆಳೆದು, ಒಂದೊಂದೇ ಚೌಕವನ್ನು ದೊಡ್ಡ ಕಾಗದಕ್ಕೆ ಇಳಿಸಿದಳು. “ಅಚ್ಚು ಫೋಟೋ ಥರಾನೇ ಇದೆ” ಎಂದು ಮನೆಮಂದಿಯೆಲ್ಲ ಹಿಗ್ಗಿದರು. ಆ ವಯಸ್ಸಿಗೆ ಅದು ಶ್ಲಾಘ್ಯವೇ, ಸಂದೇಹವಿಲ್ಲ. ಆದರೆ ಅಲ್ಲಿ ನೋಡುವ ಕೆಲಸವನ್ನು ಕ್ಯಾಮೆರಾ ಮುಂಚೆಯೇ ಮಾಡಿ ಮುಗಿಸಿತ್ತು. ಆಳ ಉದ್ದಗಲಗಳಿರುವ ಮುಖವನ್ನು ಚಪ್ಪಟೆಯಾದ ಕಾಗದಕ್ಕೆ ತಂದದ್ದು ಯಂತ್ರ. ಹುಡುಗಿ ಮಾಡಿದ್ದು ಚಪ್ಪಟೆಯಿಂದ ಚಪ್ಪಟೆಗೆ ನಕಲು. ಕಲಾಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಯಾರೂ ಫೋಟೋ ಕೊಡುವುದಿಲ್ಲ. ಸಾಮಾನ್ಯವಾಗಿ ಒಂದು ಮೇಜಿನ ಮೇಲೆ ಬಿಂದಿಗೆ, ನಾಲ್ಕು ಈರುಳ್ಳಿ, ಮಡಿಕೆಬಿದ್ದ ಬಟ್ಟೆ ಇಟ್ಟು ‘ನೋಡಿ ಬರೆಯಿರಿ’ ಎನ್ನುತ್ತಾರೆ. ಸಂತೆಯನ್ನೋ ಬಸ್ ನಿಲ್ದಾಣವನ್ನೋ ನೆನಪಿನಿಂದ ಬರೆಯಲು ಹೇಳುತ್ತಾರೆ. ಇವಳು ಈ ವರ್ಷ ಎಡವಿದ್ದು ಆ ಬಿಂದಿಗೆಯ ಮುಂದೆಯೇ.

ನಾನು ಸಮಾಜ ವಿಜ್ಞಾನದ ಮೇಷ್ಟರು. ಭಾರತದ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಬರೆದರೆ ಸೌರಾಷ್ಟ್ರ ಯಾವಾಗಲೂ ಊದಿಕೊಂಡಿರುತ್ತಿತ್ತು. ಚಿತ್ರಕಲೆಯ ಬಗ್ಗೆ ನನಗೆ ತಿಳಿದಿರುವುದೆಲ್ಲ ನನ್ನ ಸಹೋದ್ಯೋಗಿಯಾಗಿದ್ದ ಡ್ರಾಯಿಂಗ್ ಮೇಷ್ಟರೊಬ್ಬರಿಂದ ಬಂದದ್ದು. ಅವರು ಬಿಂದಿಗೆಯ ಪಾಠ ಮಾಡುವುದನ್ನು ಪಕ್ಕದ ಕೊಠಡಿಯ ಬಾಗಿಲಲ್ಲಿ ನಿಂತು ಹಲವು ಸಲ ಕೇಳಿದ್ದೇನೆ. ಬಿಂದಿಗೆಯ ಬಾಯಿ ದುಂಡಗಿದೆ ಎಂದು ನಮ್ಮ ಬುದ್ಧಿಗೆ ಗೊತ್ತು. ಆದ್ದರಿಂದ ಕೈ ದುಂಡಗೆ ಬರೆಯುತ್ತದೆ. ಬಿಂದಿಗೆ ನೆಲದ ಮೇಲೆ ಸಮನಾಗಿ ಕುಳಿತಿದೆ ಎಂದು ಬುದ್ಧಿಗೆ ಗೊತ್ತು. ಆದ್ದರಿಂದ ಕೈ ತಳವನ್ನು ನೇರ ಗೆರೆಯಾಗಿ ಎಳೆಯುತ್ತದೆ. ಎರಡೂ ಸುಳ್ಳು. ಬಾಯಿ ದುಂಡಗೆ ಕಾಣುವುದು ಬಾವಿಗೆ ಇಣುಕಿದಂತೆ ನೇರ ಮೇಲಿನಿಂದ ನೋಡಿದಾಗ ಮಾತ್ರ. ಅದೇ ಬಿಂದಿಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಬಾಯಿ ಬರಿಯ ಗೆರೆಯಾಗುತ್ತದೆ. ಇವೆರಡರ ನಡುವೆ ಅದು ದೀರ್ಘವೃತ್ತ. ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ಅಗಲವಾಗುತ್ತ ಹೋಗುವ ದೀರ್ಘವೃತ್ತ. ಮೇಜಿನ ಮೇಲಿನ ಬಿಂದಿಗೆಯಲ್ಲಿ ಬಾಯಿಗಿಂತ ತಳದ ಬಾಗು ಹೆಚ್ಚಾಗಿರಬೇಕು! ಮಕ್ಕಳು ಇದನ್ನು ಕೇಳಿದ ಕೂಡಲೇ ತಲೆಯಾಡಿಸುತ್ತಿದ್ದರು, ಮರುಕ್ಷಣವೇ ತಳವನ್ನು ನೇರವಾಗಿ ಎಳೆಯುತ್ತಿದ್ದರು. ಕಿವಿಗೆ ಅರ್ಥವಾದದ್ದು ಕೈಗೆ ಇಳಿಯಲು ತಿಂಗಳುಗಳು ಬೇಕು. “ಗೊತ್ತಿರೋದನ್ನ ಬರೀಬೇಡ್ರೋ, ಕಾಣೋದನ್ನ ಬರೀರಿ” ಎಂದು ಅವರು ಕೂಗುತ್ತಿದ್ದದ್ದು ಇಡೀ ಮೊಗಸಾಲೆಗೆ ಕೇಳುತ್ತಿತ್ತು. ಕುರ್ಚಿಯನ್ನು ಬರೆಯುವಾಗ ಕಾಲುಗಳನ್ನು ಬಿಟ್ಟು ಕಾಲುಗಳ ನಡುವಿನ ಖಾಲಿ ಜಾಗದ ಆಕಾರವನ್ನು ಬರೆಯಿರಿ ಎನ್ನುತ್ತಿದ್ದರು. ಹಾಗೆ ಬರೆದ ಕುರ್ಚಿ ನೆಟ್ಟಗೆ ನಿಲ್ಲುತ್ತಿತ್ತು, ಏಕೆಂದರೆ ಖಾಲಿ ಜಾಗದ ಬಗ್ಗೆ ಬುದ್ಧಿಗೆ ಮೊದಲೇ ಗೊತ್ತಿರುವ ಪಾಠ ಯಾವುದೂ ಇಲ್ಲ.

ಇಂಥ ವಿದ್ಯೆಯನ್ನು ನಾವು ಮಕ್ಕಳಿಗೆ ಎಷ್ಟು ಹೊತ್ತು ಕಲಿಸಿದ್ದೇವೆ? ಮೇಷ್ಟರ ಅಭ್ಯಾಸದಂತೆ ಲೆಕ್ಕ ಹಾಕುತ್ತೇನೆ. ಪ್ರೌಢಶಾಲೆಯಲ್ಲಿ ವಾರಕ್ಕೆ ಚಿತ್ರಕಲೆಯ ಅವಧಿ ಒಂದು ಎಂದಿಟ್ಟುಕೊಳ್ಳಿ, ನಲವತ್ತು ನಿಮಿಷ. ವರ್ಷಕ್ಕೆ ಮೂವತ್ತೈದು ವಾರ ಪಾಠ ನಡೆದರೆ ಇಪ್ಪತ್ತಮೂರು ಗಂಟೆ ಚಿಲ್ಲರೆ. ಮೂರು ವರ್ಷಕ್ಕೆ ಎಪ್ಪತ್ತು ಗಂಟೆ. ಇದೂ ಕಾಗದದ ಮೇಲಿನ ಲೆಕ್ಕ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ‘ಪೋರ್ಷನ್ ಮುಗಿದಿಲ್ಲ’ ಎಂದು ಮೊದಲು ಸಾಲ ಪಡೆಯುವುದು ಚಿತ್ರಕಲೆಯ ಅವಧಿಯನ್ನೇ. ಆ ಸಾಲ ತೀರಿದ್ದನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ಎಷ್ಟೋ ಶಾಲೆಗಳಲ್ಲಿ ಆ ಮೇಷ್ಟರೇ ಇರುವುದಿಲ್ಲ. ಇನ್ನು ಪಿ.ಯು.ಸಿ. ವಿಜ್ಞಾನದಲ್ಲಿ ಚಿತ್ರಕಲೆಯ ಪಾಲು ಸೊನ್ನೆ. ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದ ಕಪ್ಪೆಯನ್ನು ಲೆಕ್ಕಕ್ಕೆ ಹಿಡಿಯುವುದಾದರೆ ಹಿಡಿಯಿರಿ. ಈ ಎಪ್ಪತ್ತು ಗಂಟೆಯ ಬುತ್ತಿ ಕಟ್ಟಿಕೊಂಡು ಹೋದ ಹುಡುಗಿ ಮೊದಲ ಯತ್ನದಲ್ಲಿ ಆಯ್ಕೆಯಾಗಲಿಲ್ಲವೆಂದರೆ ಪ್ರತಿಭೆಯ ಮಾತು ಎಲ್ಲಿಂದ ಬಂತು? ದಿನಕ್ಕೆ ಐದು ಗಂಟೆಯಂತೆ ಮುನ್ನೂರು ದಿನ ಕುಳಿತರೆ ಒಂದೂವರೆ ಸಾವಿರ ಗಂಟೆ. ಅವಳು ನಮ್ಮನ್ನು ಕೇಳುತ್ತಿರುವುದು ಅಷ್ಟನ್ನೇ.

ಬಿ.ಎಡ್. ಓದುವಾಗ ನಾವೆಲ್ಲ ಥಾರ್ನ್‌ಡೈಕನ ಕಲಿಕೆಯ ನಿಯಮಗಳನ್ನು ಉರುಹೊಡೆದವರು. ಸಿದ್ಧತೆಯ ನಿಯಮ, ಅಭ್ಯಾಸದ ನಿಯಮ, ಪರಿಣಾಮದ ನಿಯಮ. ಪಾಠ ಟಿಪ್ಪಣಿಯಲ್ಲಿ ಅವುಗಳನ್ನು ಬರೆದು ಅಂಕ ಪಡೆದವರು ಈಗ ನನ್ನ ಬಂಧುಗಳಲ್ಲಿಯೇ ಮೂವರಿದ್ದಾರೆ. ಸಿದ್ಧತೆಗೂ ಅಭ್ಯಾಸಕ್ಕೂ ಕಾಲ ಹಿಡಿಯುತ್ತದೆಂಬುದನ್ನು ಅವರಾದರೂ ಒಪ್ಪಬೇಕಲ್ಲವೇ?

“ಪದವಿಯ ಮೊದಲ ವರ್ಷವೇ ಬುನಾದಿ ವರ್ಷವಂತೆ, ಅಲ್ಲಿ ಕಲಿಸುತ್ತಾರಲ್ಲ” ಎಂಬ ಇನ್ನೊಂದು ಮಾತೂ ಬಂದಿದೆ. ನಿಜ, ನಾಲ್ಕು ವರ್ಷದ ಪದವಿಯಲ್ಲಿ ಮೊದಲ ವರ್ಷವನ್ನು ಚಿತ್ರ, ಶಿಲ್ಪ, ಅಚ್ಚುಕಲೆ ಎಲ್ಲದರ ಪರಿಚಯಕ್ಕೆ ಮೀಸಲಿಡುವುದು ರೂಢಿ. ಆದರೆ ಆ ವರ್ಷಕ್ಕೆ ಕಾಲಿಡುವುದಕ್ಕೇ ಬಿಂದಿಗೆಯ ಪರೀಕ್ಷೆ ದಾಟಬೇಕಲ್ಲ! ಜಗತ್ತಿನ ಬೇರೆಡೆ ಈ ತೊಡಕನ್ನು ಎಂದೋ ಕಂಡುಕೊಂಡಿದ್ದಾರೆ. ಜರ್ಮನಿಯ ವೈಮಾರ್‌ನಲ್ಲಿ 1919ರಲ್ಲಿ ಆರಂಭವಾದ ಬೌಹೌಸ್ ಶಾಲೆಯಲ್ಲಿ ಯೋಹಾನೆಸ್ ಇಟ್ಟೆನ್ ಎಂಬ ಅಧ್ಯಾಪಕರು ಆರು ತಿಂಗಳ ಪೂರ್ವಭಾವಿ ತರಗತಿಯನ್ನು ರೂಪಿಸಿದರು. ಮರ, ಬಟ್ಟೆ, ಕಾಗದಗಳನ್ನು ಮುಟ್ಟಿ ನೋಡಿ ಅರಿಯುವುದೇ ಅಲ್ಲಿನ ಪಾಠ. ಇಂಗ್ಲೆಂಡಿನಲ್ಲಿ 1960ರ ದಶಕದಿಂದೀಚೆಗೆ ಶಾಲೆಗೂ ಕಲಾಪದವಿಗೂ ನಡುವೆ ಒಂದು ವರ್ಷದ ‘ಫೌಂಡೇಶನ್’ ವ್ಯಾಸಂಗ ಮಾಡುವುದು ವಾಡಿಕೆಯಾಗಿದೆ. ಅಲ್ಲಿ ಅದನ್ನು ಯಾರೂ ಗ್ಯಾಪ್ ಎನ್ನುವುದಿಲ್ಲ. ನಮ್ಮಲ್ಲಿ ಅಂಥ ವ್ಯವಸ್ಥೆ ಸಾಮಾನ್ಯವಲ್ಲ. ಆದ್ದರಿಂದ ಈ ಮಕ್ಕಳು ಮನೆಯ ಮಹಡಿಯಲ್ಲಿ ಒಬ್ಬೊಬ್ಬರೇ ಕುಳಿತು ಆ ವರ್ಷವನ್ನು ತಾವೇ ಕಟ್ಟಿಕೊಳ್ಳಬೇಕಾಗಿದೆ. ಕಟ್ಟಿಕೊಳ್ಳುವವರಿಗೆ ಕೈಗೂಡಿಸುವುದು ಬಿಟ್ಟು ಹಾಳು ಎನ್ನುತ್ತೀರಿ.

ಆದರೆ ಈ ವರ್ಷ ನಿಜವಾಗಿ ಹಾಳಾಗುವ ದಾರಿಯೂ ಒಂದಿದೆ, ಅದನ್ನು ಹೇಳದೆ ಬಿಡಲಾರೆ. ‘ಮೂರು ತಿಂಗಳಲ್ಲಿ ಪೋರ್ಟ್‌ಫೋಲಿಯೋ ಗ್ಯಾರಂಟಿ’ ಎಂದು ಫಲಕ ಹಾಕಿಕೊಂಡಿರುವ ತರಬೇತಿಯ ಅಂಗಡಿಗಳು ಈಗ ನಗರಗಳಲ್ಲಿ ತಲೆಯೆತ್ತಿವೆ. ಪೋರ್ಟ್‌ಫೋಲಿಯೋ ಎಂದರೆ ಅಭ್ಯರ್ಥಿಯು ಸಂದರ್ಶನಕ್ಕೆ ಒಯ್ಯಬೇಕಾದ ತನ್ನ ಚಿತ್ರಗಳ ಕಟ್ಟು. ಅಂಥದೊಂದು ಅಂಗಡಿಗೆ ಹುಡುಗಿಯ ತಂದೆಯೊಡನೆ ನಾನೂ ಹೋಗಿದ್ದೆ. ಗೋಡೆಯ ಮೇಲೆ ಹನ್ನೆರಡು ಮಕ್ಕಳ ಚಿತ್ರಗಳಿದ್ದವು. ಹನ್ನೆರಡರಲ್ಲಿಯೂ ಅದೇ ಎತ್ತಿನ ಗಾಡಿ, ಅದೇ ಬಾಗಿದ ತೆಂಗಿನ ಮರ, ಅದೇ ಕಿತ್ತಳೆ ಬಣ್ಣದ ಸೂರ್ಯಾಸ್ತ. ಕೆಳಗೆ ಹೆಸರು ಮಾತ್ರ ಬೇರೆ. ಹಳ್ಳಿಯನ್ನು ಕಂಡೇ ಇರದ ನಗರದ ಮಗುವಿನ ಕೈಯಲ್ಲಿ ಎತ್ತಿನ ಗಾಡಿ ಬರೆಸುವ ಈ ಉರುಹೊಡೆಸುವಿಕೆಗೂ ಗೈಡ್ ಪುಸ್ತಕದ ಪ್ರಬಂಧಕ್ಕೂ ಏನು ವ್ಯತ್ಯಾಸ? ಕಾಲು ಶತಮಾನ ಉತ್ತರಪತ್ರಿಕೆ ತಿದ್ದಿದ ನನಗೇ ನಕಲು ಒಂದು ನೋಟಕ್ಕೆ ತಿಳಿಯುತ್ತದೆ. ಕಲಾಶಾಲೆಯ ಅಧ್ಯಾಪಕರಿಗೆ ತಿಳಿಯದೇ? ನಾವು ಮೆಟ್ಟಿಲಿಳಿದು ಬಂದೆವು. ಆ ಶುಲ್ಕದ ಒಂದು ಪಾಲಿನಲ್ಲಿ ವರ್ಷಕ್ಕಾಗುವಷ್ಟು ಕಾಗದ, 2ಬಿ, 4ಬಿ, 6ಬಿ ಪೆನ್ಸಿಲುಗಳು, ಇದ್ದಿಲು ಕಡ್ಡಿ, ಜಲವರ್ಣ, ಕ್ಲಿಪ್ಪು ಸಹಿತ ಒಂದು ಹಲಗೆ ಎಲ್ಲವೂ ಬಂದವು.

“ಬಿ.ಎಸ್ಸಿ.ಗೆ ಸೇರಿಸಿ, ಭಾನುವಾರ ಚಿತ್ರ ಬರೆದುಕೊಳ್ಳಲಿ” ಎನ್ನುವ ಸಲಹೆಯನ್ನು ನಾನು ಚರ್ಚಿಸುವುದಿಲ್ಲ. ನಿಮ್ಮ ಮಗ ಭಾನುವಾರ ಮಾತ್ರ ಓದಿ ಇಂಜಿನಿಯರ್ ಆಗಿದ್ದರೆ ಬಂದು ಹೇಳಿ.

ಇನ್ನು ವಯಸ್ಸಿನ ಮಾತು. ಒಂದು ವರ್ಷ ತಡವಾದರೆ ಜೀವನವೇ ತಡವಾಗುವುದೆಂಬ ಭಯ ನಮ್ಮ ಮಧ್ಯಮ ವರ್ಗದಲ್ಲಿ ಬೇರುಬಿಟ್ಟಿದೆ. ಕೆ.ಜಿ. ಸುಬ್ರಹ್ಮಣ್ಯನ್ ಅವರ ಕತೆ ಕೇಳಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಅವರು 1942ರ ಚಳವಳಿಯಲ್ಲಿ ಸೆರೆಮನೆಗೆ ಹೋದರು; ಹೊರಬಂದಾಗ ಸರ್ಕಾರಿ ಕಾಲೇಜುಗಳ ಬಾಗಿಲು ಅವರಿಗೆ ಮುಚ್ಚಿತ್ತು. 1944ರಲ್ಲಿ ಶಾಂತಿನಿಕೇತನದ ಕಲಾಭವನಕ್ಕೆ ಹೋಗಿ ನಂದಲಾಲ್ ಬೋಸರ ಬಳಿ ಕಲಿತರು. ಮುಂದೆ ಬರೋಡದಲ್ಲಿಯೂ ಶಾಂತಿನಿಕೇತನದಲ್ಲಿಯೂ ತಲೆಮಾರುಗಳ ಕಲಾವಿದರನ್ನು ತಿದ್ದಿದ ಗುರು ಅವರೇ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ನಮ್ಮ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಹೆಸರು ಗಳಿಸಿದ ಮೇಲೆ ನಲವತ್ತರ ಹತ್ತಿರದಲ್ಲಿ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಕೇರಳದಿಂದ ಬೆಂಗಳೂರಿಗೆ ಬಂದ ಯೂಸುಫ್ ಅರಕ್ಕಲ್ ಎಚ್.ಎ.ಎಲ್. ಕಾರ್ಖಾನೆಯಲ್ಲಿ ದುಡಿದವರು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತವರು. ಇವರೆಲ್ಲರೂ ಹದಿನೆಂಟಕ್ಕೆ ಸೀಟು, ಇಪ್ಪತ್ತೆರಡಕ್ಕೆ ಕೆಲಸ ಎಂಬ ನಮ್ಮ ಕೋಷ್ಟಕದಲ್ಲಿ ಅನುತ್ತೀರ್ಣರು.

ಅನ್ನದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಕಲಾಪದವಿ ಪಡೆದವರಿಗೆ ಕೆಲಸ ಕಾದು ಕುಳಿತಿರುತ್ತದೆ ಎಂದು ಹೇಳಿದರೆ ಸುಳ್ಳಾದೀತು. ಪುಸ್ತಕಗಳಿಗೆ ಚಿತ್ರ, ಅನಿಮೇಶನ್, ಬಟ್ಟೆಯ ವಿನ್ಯಾಸ, ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರಗಳ ಸಂರಕ್ಷಣೆ, ಅಧ್ಯಾಪನ ಎಂದು ಹತ್ತಾರು ದಾರಿಗಳಿವೆ, ಯಾವುದೂ ರಾಜಮಾರ್ಗವಲ್ಲ. ಹುಡುಗಿಗೂ ಅದು ಗೊತ್ತು. ಆದರೆ ಕೆಲಸದ ದಾರಿ ಕಷ್ಟವೆಂಬುದು ಹೆಚ್ಚು ಸಿದ್ಧತೆಗೆ ಕಾರಣವಾಗಬೇಕೇ ಹೊರತು ಕಡಿಮೆ ಸಿದ್ಧತೆಗಲ್ಲ. ಅರೆಬರೆ ಕಲಿತ ಕಲಾವಿದೆಗೆ ಅನ್ನ ಸಿಗುವುದಿಲ್ಲ ಎಂದು ಹೆದರಿಸುವವರೇ, ಚೆನ್ನಾಗಿ ಕಲಿಯಲು ಒಂದು ವರ್ಷ ಕೊಡಿ ಎಂದರೆ ಮುಖ ತಿರುಗಿಸುತ್ತೀರಿ.

ಈಗ ಯಾರೂ ಬಾಯಿಬಿಟ್ಟು ಹೇಳದ ಮಾತಿಗೆ ಬರುತ್ತೇನೆ. ಈ ವರ್ಷ ಕಾಲೇಜಿಗೆ ಹೋಗದ ಮಗು ಹುಡುಗನಾಗಿದ್ದರೆ ‘ಏನೋ ಮಾಡಿಕೊಳ್ಳುತ್ತಾನೆ ಬಿಡಿ’ ಎಂದು ಸುಮ್ಮನಾಗುತ್ತಿದ್ದಿರಿ. ಹುಡುಗಿ ಮನೆಯಲ್ಲಿದ್ದಾಳೆ ಎಂದ ಕೂಡಲೇ ಅವಳ ಸಮಯ ಊರಿನ ಸಮಯವಾಗುತ್ತದೆ. ‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂದು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ಚಿಕ್ಕಮಗುವನ್ನು ನೋಡಿಕೊಳ್ಳಲು, ಹಬ್ಬಕ್ಕೆ ಮುಂಚಿತವಾಗಿ ಬಂದು ಕೈಜೋಡಿಸಲು ಕರೆ ಬರುತ್ತದೆ. ಕಳೆದ ಮೂವತ್ತು ದಿನಗಳಲ್ಲಿ ಹನ್ನೊಂದು ದಿನ ಅವಳು ಪೆನ್ಸಿಲ್ ಮುಟ್ಟಿಲ್ಲ. ನಾನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಇಬ್ಬರು ಜಾತಕವನ್ನೂ ಕೇಳಿದ್ದಾರೆ. ಹದಿನೆಂಟು ತುಂಬಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ವರ್ಷ ಹಾಳಾಗುತ್ತಿದೆ ಎಂದು ಮರುಗುವ ಬಾಯಿಗಳೇ ಅದನ್ನು ಒಂದೊಂದು ದಿನವಾಗಿ ಕಡಿದು ತಿನ್ನುತ್ತಿವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಿಮಗೆಲ್ಲ ಗೊತ್ತು. ದೊಣ್ಣೆಯೇನೂ ದೊಡ್ಡದಿರಬೇಕಿಲ್ಲ, ‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂಬಷ್ಟು ಸಾಕು.

ಒಂದು ಸ್ವಾರಸ್ಯವನ್ನು ಹೇಳಿಬಿಡುತ್ತೇನೆ. ವ್ಯಾಸಂಗದಲ್ಲಿ ಹೀಗೆ ಒಂದು ವರ್ಷದ ಅಂತರವಿದ್ದರೆ ಮುಂದಿನ ಪ್ರವೇಶದ ಹೊತ್ತಿಗೆ ಹಲವು ಕಾಲೇಜುಗಳು ಗ್ಯಾಪ್ ಸರ್ಟಿಫಿಕೇಟ್ ಕೇಳುತ್ತವೆ. ನೋಟರಿಯ ಮುಂದೆ, ಛಾಪಾ ಕಾಗದದ ಮೇಲೆ, ‘ಈ ಅವಧಿಯಲ್ಲಿ ನಾನು ಯಾವ ಸಂಸ್ಥೆಯಲ್ಲಿಯೂ ವ್ಯಾಸಂಗ ಮಾಡಿರುವುದಿಲ್ಲ’ ಎಂದು ಪ್ರಮಾಣ ಮಾಡಬೇಕು. ಒಂದೂವರೆ ಸಾವಿರ ಗಂಟೆ ಬಿಂದಿಗೆಯ ಮುಂದೆ ಕುಳಿತವಳು ಏನನ್ನೂ ಓದಿಲ್ಲವೆಂದು ಪ್ರಮಾಣ ಮಾಡುವ ದಿನ ನಾನೂ ಜೊತೆಗೆ ಹೋಗಬೇಕೆಂದಿದ್ದೇನೆ. ನೋಟರಿಯವರು ನನ್ನ ಹಳೆಯ ವಿದ್ಯಾರ್ಥಿಯೇ.

ಆಷಾಢ ಕಳೆದ ಮೇಲೆ ಹುಡುಗಿ ತುಮಕೂರಿನ ನಮ್ಮ ಮನೆಗೆ ಬಂದಿರುತ್ತಾಳೆ. ಮಹಡಿಯ ಕೋಣೆಗೆ ಉತ್ತರದ ಕಿಟಕಿಯಿದೆ. ಬಿಸಿಲು ನೇರವಾಗಿ ಬೀಳದೆ ದಿನವಿಡೀ ಒಂದೇ ಬಗೆಯ ಬೆಳಕು. ಬೆಳಿಗ್ಗೆ ಅಲ್ಲಿ ವಸ್ತುಚಿತ್ರಣ, ಸಂಜೆ ಬಸ್ ನಿಲ್ದಾಣದಲ್ಲಿಯೋ ತರಕಾರಿ ಮಾರುಕಟ್ಟೆಯಲ್ಲಿಯೋ ಕುಳಿತು ಓಡಾಡುವವರ ಚಿತ್ರ. ತಿಂಗಳಿಗೊಮ್ಮೆ ಎಲ್ಲಿಗಾದರೂ ಹೋಗಿ ನೋಡಿ ಬರುವುದು. ಮೊದಲು ಸಿರಾ ದಾರಿಯ ಸೀಬಿ ನರಸಿಂಹಸ್ವಾಮಿ ದೇವಾಲಯದ ಚಾವಣಿಯ ಚಿತ್ರಗಳು. 18ನೆಯ ಶತಮಾನದ ಕೊನೆಯ ಆ ಕೆಲಸವನ್ನು ನಮ್ಮ ಜಿಲ್ಲೆಯವರೇ ಅನೇಕರು ತಲೆಯೆತ್ತಿ ನೋಡಿಲ್ಲ. ಆಮೇಲೆ ಶ್ರೀರಂಗಪಟ್ಟಣದ ದರಿಯಾ ದೌಲತ್, ಮೈಸೂರಿನ ಜಗನ್ಮೋಹನ ಅರಮನೆ, ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ. ಚಳಿಗಾಲದಲ್ಲಿ ಆದರೆ ಬಾದಾಮಿ. ಆ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಒಂದು ರಾತ್ರಿ ಇಳಿದುಕೊಳ್ಳಲು ಜಾಗ ಕೊಟ್ಟರೆ ಸಾಕು, ಊಟದ ಗಡಿಬಿಡಿ ಬೇಡ. ಮುದ್ರಣಾಲಯ ನಡೆಸುತ್ತಿರುವ ಮಿತ್ರರು ಒಂದು ಬದಿ ಖಾಲಿಯಿರುವ ದೊಡ್ಡ ಹಾಳೆಗಳನ್ನು ಎಸೆಯದೆ ಎತ್ತಿಡಿ, ನಾನೇ ಬಂದು ಒಯ್ಯುತ್ತೇನೆ.

ಗೌರಿ ಹಬ್ಬಕ್ಕೆ ಬರುವ ಬಂಧುಗಳು ಅಟ್ಟದ ಮೇಲೆ ಬಿದ್ದಿರುವ ಹಿತ್ತಾಳೆ ಚೊಂಬು, ನುಗ್ಗಿದ ತಾಮ್ರದ ಬಿಂದಿಗೆ, ಮುರಿದ ಲಾಟೀನು ಏನಿದ್ದರೂ ತನ್ನಿ. ಹಾಗೇ ತನ್ನಿ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ ಯಾರೂ ಮಹಡಿ ಹತ್ತಬಾರದು, ಹೂವು ಕಟ್ಟಲು ಅವಳನ್ನು ಕೂಗಬಾರದು. ಕೆಳಗೆ ಟಿ.ವಿ. ಹಾಕಿಕೊಳ್ಳಬಹುದು; ಅದರ ಸದ್ದಿನಿಂದ ಅವಳಿಗೆ ತೊಂದರೆಯಿಲ್ಲವಂತೆ.